ಕೊಳ್ಳುವ ಮುನ್ನ: ಗಾಳದ ರೀಲು ಮತ್ತು ನಿಮ್ಮ ಹೆಬ್ಬೆರಳು



ಮಿಕ್ಸಿ, ಕುಕ್ಕರು, ಹೊಲಿಗೆ ಮೆಷಿನ್ನುಗಳ ವಿಚಾರವೇ ಹೆಚ್ಚಾಗಿ ಬರುವ ಈ ಪುಟಕ್ಕೆ ಈ ಸಲ ಬೇರೆ ಥರದ ಪ್ರಶ್ನೆ ಬಂದಿದೆ. ಉತ್ತರ ಕನ್ನಡದ ಹೊಳೆ ದಂಡೆಯ ಊರಿನ ಓದುಗರೊಬ್ಬರು ಬರೆದಿದ್ದಾರೆ. ಅವರ ಯಜಮಾನರು ಕೆಲವು ಸಾವಿರ ರೂಪಾಯಿ ಕೊಟ್ಟು ಗಾಳದ ಕೋಲು, ಬೈಟ್‌ಕಾಸ್ಟಿಂಗ್ ರೀಲು ತಂದರಂತೆ. ಮೊದಲ ದಿನವೇ ದಾರವೆಲ್ಲ ಗಂಟಾಗಿ ಕಾಗೆ ಗೂಡಿನಂತೆ ಆಯಿತಂತೆ. 'ಹಾಳಾಗಿದೆ' ಅಂತ ಅಟ್ಟಕ್ಕೆ ಹಾಕಿದ್ದಾರೆ. ಈಗ ಮಗ ಇನ್ನೊಂದು ಬೇಕು ಅನ್ನುತ್ತಿದ್ದಾನೆ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಕೈದಾರ ಬಿಟ್ಟು ಮೀನು ಹಿಡಿದಿದ್ದ ಈ ಸೋದರಿಗೆ ತಾನೇ ಅದನ್ನು ಕಲಿಯಬೇಕೆಂಬ ಆಸೆ. 'ಆದರೆ ಮನೆಯವರು ನಗ್ತಾರೆ, ಏನು ಮಾಡಲಿ?' ಎಂದು ಕೇಳಿದ್ದಾರೆ.

ನಗುವವರು ನಗಲಿ ಬಿಡಿ. ನಮ್ಮ ಕರಾವಳಿಯಲ್ಲಿ ಬುಟ್ಟಿ ಹೊತ್ತು ಮೀನು ಮಾರುವವರು, ಅಘನಾಶಿನಿಯ ಕೆಸರಿನಲ್ಲಿ ನಿಂತು ಬೆಳಚು ಹೆಕ್ಕುವವರು ಹೆಂಗಸರೇ ತಾನೆ? ಬ್ರಿಟನ್ನಿನಲ್ಲಿ ಗಾಳದ ಕೋಲಿನಿಂದ ಹಿಡಿದ ಅತಿ ದೊಡ್ಡ ಸಾಲ್ಮನ್ ಮೀನಿನ ದಾಖಲೆ ಯಾರದ್ದು ಗೊತ್ತೇ? ಜಾರ್ಜಿನಾ ಬ್ಯಾಲಂಟೈನ್ ಎಂಬ ಮಹಿಳೆಯದು. 1922ರಲ್ಲಿ ಸ್ಕಾಟ್ಲೆಂಡಿನ ಟೇ ನದಿಯಲ್ಲಿ ಆಕೆ ಹಿಡಿದ ಮೀನು 64 ಪೌಂಡು, ಅಂದರೆ ಸುಮಾರು 29 ಕಿಲೋ ತೂಗಿತು. ನೂರು ವರ್ಷ ದಾಟಿದರೂ ಆ ದಾಖಲೆಯನ್ನು ಯಾರೂ ಮುರಿದಿಲ್ಲ.

ದಾರ ಯಾಕೆ ಗಂಟಾಗುತ್ತದೆ?

ಇದು ತಿಳಿದರೆ ಅರ್ಧ ವಿದ್ಯೆ ಬಂದ ಹಾಗೆ. ಹೊಲಿಗೆ ಮೆಷಿನ್ನಿನಲ್ಲಿ ಬಾಬಿನ್ ಸುತ್ತುವುದನ್ನು ನೆನಪಿಸಿಕೊಳ್ಳಿ. ಕಡ್ಡಿಗೆ ಸಿಕ್ಕಿಸಿದ ನೂಲಿನ ಉಂಡೆ ಗಿರ್ರನೆ ತಿರುಗುತ್ತಿರುತ್ತದೆ. ನೀವು ಥಟ್ಟನೆ ಚಕ್ರ ನಿಲ್ಲಿಸುತ್ತೀರಿ. ಉಂಡೆ ಮಾತ್ರ ನಿಲ್ಲದೆ ಇನ್ನೂ ನಾಲ್ಕು ಸುತ್ತು ತಿರುಗಿ, ನೂಲು ಸಡಿಲಾಗಿ ಸಿಕ್ಕಾಗುತ್ತದೆ. ಬೈಟ್‌ಕಾಸ್ಟಿಂಗ್ ರೀಲಿನಲ್ಲಿ ಆಗುವುದೂ ಇದೇ. ಎರೆ ಎಸೆದಾಗ ದಾರ ಸುತ್ತಿದ ಉರುಳೆಯೇ ತಿರುಗಿ ದಾರ ಬಿಡುತ್ತದೆ. ಎರೆಯ ವೇಗ ಗಾಳಿಯಲ್ಲಿ ಕಡಿಮೆಯಾಗುತ್ತ ಬರುತ್ತದೆ, ಉರುಳೆ ಮಾತ್ರ ಅದೇ ವೇಗದಲ್ಲಿ ತಿರುಗುತ್ತದೆ. ಹೊರಗೆ ಹೋಗಲಾರದ ದಾರ ಒಳಗೇ ಉಬ್ಬಿ ಗಂಟಾಗುತ್ತದೆ. ಅಂದಮೇಲೆ ಗಂಟಾದ ರೀಲು ಕೆಟ್ಟ ರೀಲಲ್ಲ, ಪಳಗದ ಕೈಯಲ್ಲಿದ್ದ ರೀಲು, ಅಷ್ಟೆ.

ಅಂಗಡಿಯಲ್ಲಿ ಸಿಗುವ ಇನ್ನೊಂದು ಬಗೆ ಸ್ಪಿನ್ನಿಂಗ್ ರೀಲು. ಅದು ಕೋಲಿನ ಕೆಳಗೆ ತೂಗುತ್ತದೆ. ಎಸೆಯುವಾಗ ಅದರ ಉರುಳೆ ತಿರುಗುವುದಿಲ್ಲ, ದಾರ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಕಲಿಯುವುದು ಸುಲಭ. ಏಳೆಂಟು ಗ್ರಾಂಗಿಂತ ಹಗುರವಾದ ಎರೆಗೆ ಅದೇ ಸರಿ. ಹಾಗಾದರೆ ಬೈಟ್‌ಕಾಸ್ಟಿಂಗ್ ಯಾಕೆ ಬೇಕು ಅಂತೀರಾ? ದಪ್ಪ ದಾರ, ಭಾರದ ಎರೆಗಳನ್ನು ಅದು ಚೆನ್ನಾಗಿ ತಡೆದುಕೊಳ್ಳುತ್ತದೆ. ಕೆರೆಯ ಜೊಂಡಿನ ನಡುವೆ ಅಡಗಿರುವ, ಹಾವಿನಂಥ ತಲೆಯ ಮೀನನ್ನು ಎಳೆದು ತರಲು ಬಲ ಕೊಡುತ್ತದೆ. ಕೈ ಕುದುರಿದ ಮೇಲೆ ಎರೆಯನ್ನು ಬೇಕಾದ ಜಾಗಕ್ಕೇ ಇಳಿಸಬಹುದು.

ಇದರ ಹುಟ್ಟೂ ಸ್ವಾರಸ್ಯವಾಗಿದೆ. ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಕೆಂಟಕಿಯಲ್ಲಿ ಇಂಥ ರೀಲು ಮಾಡಿದ ಜಾರ್ಜ್ ಸ್ನೈಡರ್ ವೃತ್ತಿಯಲ್ಲಿ ಗಡಿಯಾರದವರು. ಹೆಸರಾಂತ ಸ್ವೀಡನ್ನಿನ ಆಬು ಕಂಪನಿಯೂ 1921ರಲ್ಲಿ ಶುರುವಾದದ್ದು ಗಡಿಯಾರದ ಕಾರ್ಖಾನೆಯಾಗಿಯೇ. ಒಳಗೆ ಅಷ್ಟು ನಯವಾದ ಹಲ್ಲುಚಕ್ರಗಳಿವೆ. ಒರಟಾಗಿ ಎಳೆದಾಡುವ ವಸ್ತು ಇದಲ್ಲ.

ಆರಿಸುವಾಗ ಏನು ನೋಡಬೇಕು?

ಮೊದಲು ಅಟ್ಟದ ರೀಲನ್ನೇ ಇಳಿಸಿ. ಹಿಡಿ ತಿರುಗಿಸಿದಾಗ ಮರಳು ಅರೆದಂತೆ ಕರಕರ ಅನ್ನುತ್ತಿಲ್ಲ, ಗುಂಡಿ ಒತ್ತಿದರೆ ಉರುಳೆ ಸಲೀಸಾಗಿ ತಿರುಗುತ್ತದೆ ಅಂತಾದರೆ ಹೊಸದು ಬೇಕಿಲ್ಲ. ದುಡ್ಡು ಉಳಿಯಿತು. ಹಳೆಯ ದಾರ ತೆಗೆದು ಹೊಸದು ಸುತ್ತಿದರೆ ಸಾಕು.

ಹೊಸದೇ ಕೊಳ್ಳುವುದಾದರೆ ಇಷ್ಟು ಗಮನಿಸಿ:

1. ಹಿಡಿ ಯಾವ ಕಡೆ? ಸ್ಪಿನ್ನಿಂಗ್ ರೀಲಿನ ಹಿಡಿಯನ್ನು ಸಾಮಾನ್ಯವಾಗಿ ಎಡಬಲ ಬದಲಿಸಬಹುದು, ಇದರದ್ದು ಆಗುವುದಿಲ್ಲ. ಅಂಗಡಿಯಲ್ಲೇ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ.

2. ಸುತ್ತಿನ ಲೆಕ್ಕ. 6.3:1 ಎಂದು ಬರೆದಿದ್ದರೆ, ಹಿಡಿ ಒಂದು ಸುತ್ತು ಬಂದಾಗ ಉರುಳೆ ಆರೂಕಾಲು ಸುತ್ತಿಗಿಂತ ತುಸು ಹೆಚ್ಚು ಬರುತ್ತದೆ ಎಂದರ್ಥ. ಐದರ ಆಸುಪಾಸಿನದು ನಿಧಾನ, ಎಂಟರದ್ದು ಬಲು ವೇಗ. ಕಲಿಯುವವರಿಗೆ ಆರು-ಏಳರ ನಡುವಿನದು ಒಳ್ಳೆಯದು.

3. ಬ್ರೇಕು. ಹಿಡಿಯ ಪಕ್ಕದ ಚಿಕ್ಕ ತಿರುಪು ಉರುಳೆಯ ಬಿಗಿಗೆ. ಇನ್ನೊಂದು ಬದಿಯಲ್ಲಿ ಎಸೆತದ ಬ್ರೇಕು ಇರುತ್ತದೆ. ಅದರಲ್ಲಿ ಅಯಸ್ಕಾಂತದ್ದು ಒಂದು ಬಗೆ, ತಿರುಗುವ ರಭಸಕ್ಕೆ ಹೊರಚಿಮ್ಮಿ ಉಜ್ಜುವ ಪುಟ್ಟ ಬಿಲ್ಲೆಗಳದ್ದು ಇನ್ನೊಂದು ಬಗೆ. ಹೊರಗಿನಿಂದಲೇ ತಿರುಗಿಸಿ ಹೊಂದಿಸಬಹುದಾದ ಅಯಸ್ಕಾಂತದ ಬ್ರೇಕು ಹೊಸಬರಿಗೆ ಅನುಕೂಲ.

4. ನಕ್ಷತ್ರದಂಥ ತಿರುಪು. ಇದು ಡ್ರ್ಯಾಗ್. ದೊಡ್ಡ ಮೀನು ಜಗ್ಗಿದಾಗ ದಾರ ಕಡಿಯದೆ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುವ ಏರ್ಪಾಡು. ದಾರದ ತಾಳಿಕೆಯ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಬಿಗಿ ಸಾಕು.

ದಾರಕ್ಕೆ 12ರಿಂದ 15 ಪೌಂಡು ತಾಳುವ ಸಾದಾ ನೈಲಾನ್ ಎಳೆ ಸಾಕು, ಹೆಣೆದ ದಾರ ಆಮೇಲೆ. ಉರುಳೆಯ ಅಂಚಿಗೆ ಮೂರು ಮಿಲಿಮೀಟರು ಬಾಕಿ ಇರುವಂತೆ ಸುತ್ತಿ. ಉಕ್ಕುವಷ್ಟು ತುಂಬಬೇಡಿ.

ಅಂಗಳದಲ್ಲೇ ಮೊದಲ ಪಾಠ

ನೀರಿಗೆ ಓಡಬೇಡಿ. ಅಂಗಳವೋ ಶಾಲೆಯ ಮೈದಾನವೋ ಸಾಕು. ಕೊಕ್ಕೆ ಬೇಡವೇ ಬೇಡ. ದಾರದ ತುದಿಗೆ ಸುಮಾರು 14 ಗ್ರಾಂ ತೂಕದ ಗುಂಡು ಕಟ್ಟಿ.

ಕೋಲನ್ನು ಅಡ್ಡಡ್ಡ ಹಿಡಿದು ಗುಂಡಿ ಒತ್ತಿ. ತೂಕ ದಡಕ್ಕನೆ ಬೀಳಬಾರದು, ಮೆಲ್ಲಗೆ ಇಳಿಯಬೇಕು. ನೆಲ ಮುಟ್ಟಿದ ಕೂಡಲೇ ಉರುಳೆ ನಿಲ್ಲಬೇಕು. ಹಾಗಾಗುವವರೆಗೆ ಚಿಕ್ಕ ತಿರುಪನ್ನು ಬಿಗಿ ಮಾಡಿ. ಎಸೆತದ ಬ್ರೇಕನ್ನು ಪೂರ್ತಿ ಏರಿಸಿ. ಇನ್ನೊಂದು ಉಪಾಯ: ನೀವು ಎಸೆಯುವಷ್ಟು ದೂರಕ್ಕಿಂತ ತುಸು ಹೆಚ್ಚು ದಾರ ಎಳೆದು ಬಿಟ್ಟು, ಉರುಳೆಯಲ್ಲಿ ಉಳಿದ ದಾರದ ಮೇಲೆ ಅಂಟುಪಟ್ಟಿ ಹಚ್ಚಿ, ಮತ್ತೆ ಸುತ್ತಿಕೊಳ್ಳಿ. ಗಂಟಾದರೂ ಪಟ್ಟಿಯ ಕೆಳಗೆ ಇಳಿಯುವುದಿಲ್ಲ.

ತುದಿಯಿಂದ ತೂಕ ಒಂದು ಗೇಣು ಕೆಳಗೆ ತೂಗಲಿ. ಹೆಬ್ಬೆರಳನ್ನು ಉರುಳೆಯ ಮೇಲೆ ಒತ್ತಿ ಹಿಡಿದು ಗುಂಡಿ ಅದುಮಿ. ಕೋಲನ್ನು ಹಿಂದಕ್ಕೆ ತಂದು, ಮಗುವಿಗೆ ಚೆಂಡು ಎಸೆದಷ್ಟೇ ಹಿತವಾಗಿ ಮುಂದಕ್ಕೆ ಬೀಸಿ. ಝಾಡಿಸಬೇಡಿ. ಕೋಲು ಕಣ್ಣಿನ ಮುಂದೆ ಬರುತ್ತಿದ್ದಂತೆ ಹೆಬ್ಬೆರಳನ್ನು ಕೂದಲೆಳೆಯಷ್ಟು ಸಡಿಲಿಸಿ. ಬಾವಿಗೆ ಕೊಡಪಾನ ಇಳಿಸುವಾಗ ಹಗ್ಗವನ್ನು ಪೂರ್ತಿ ಬಿಟ್ಟುಬಿಡ್ತೀರಾ? ಇಲ್ಲ, ಅಂಗೈಯಲ್ಲಿ ಸವರಿಕೊಂಡೇ ಬಿಡ್ತೀರಿ. ಇಲ್ಲೂ ಹಾಗೆಯೇ. ತೂಕ ನೆಲ ಮುಟ್ಟುವ ತುಸು ಮುಂಚೆ ಹೆಬ್ಬೆರಳು ಒತ್ತಿ ಉರುಳೆ ನಿಲ್ಲಿಸಿ.

ಮೊದಲ ದಿನ ಎಂಟು ಹತ್ತು ಮೀಟರು ಹೋದರೆ ಸಾಕು. ದಿನಕ್ಕೆ ಹದಿನೈದು ನಿಮಿಷ ಮಾಡಿ. ಕೈ ಪಳಗಿದಂತೆ ಬ್ರೇಕನ್ನು ಒಂದೊಂದೇ ಅಂಕಿ ಇಳಿಸಿ. ಎದುರುಗಾಳಿ ಇದ್ದರೆ ಮತ್ತೆ ಏರಿಸಿ.

ಗಂಟು ಬಿದ್ದರೆ

ಬಿದ್ದೇ ಬೀಳುತ್ತದೆ, ಬೇಜಾರು ಬೇಡ. ಎಳೆದರೆ ಗಂಟು ಬಿಗಿಯಾಗುತ್ತದೆ. ಉರುಳೆಯ ಮೇಲೆ ಹೆಬ್ಬೆರಳು ಗಟ್ಟಿಯಾಗಿ ಒತ್ತಿಕೊಂಡು ಹಿಡಿಯನ್ನು ಎರಡು ಮೂರು ಸುತ್ತು ತಿರುಗಿಸಿ. ಆಮೇಲೆ ಗುಂಡಿ ಒತ್ತಿ ದಾರವನ್ನು ಮೆಲ್ಲಗೆ ಹೊರಗೆಳೆಯಿರಿ. ತಡೆದರೆ ಮತ್ತೆ ಅದೇ ಕ್ರಮ. ಮಕ್ಕಳ ಜಡೆಯ ಸಿಕ್ಕು ಬಿಡಿಸುವ ನಮಗೆ ಇದೇನು ಮಹಾ ಕೆಲಸ! ಬಿಡಿಸಲಾಗದೆ ಕತ್ತರಿಸಿದ ತುಂಡನ್ನು ದಂಡೆಯಲ್ಲಿ ಎಸೆಯಬೇಡಿ. ಹಕ್ಕಿಗಳ ಕಾಲಿಗೆ, ರೆಕ್ಕೆಗೆ ಸುತ್ತಿಕೊಂಡು ಪ್ರಾಣ ತೆಗೆಯುತ್ತದೆ.

ಉಪ್ಪುನೀರಿನಲ್ಲಿ ಬಳಸಿದ ದಿನ ರೀಲಿನ ಮೇಲೆ ತೆಳ್ಳಗೆ ಸಿಹಿನೀರು ಬಿಟ್ಟು ತೊಳೆದು, ಒರೆಸಿ, ನೆರಳಲ್ಲಿ ಒಣಗಿಸಿ. ಬಕೆಟ್ಟಿನಲ್ಲಿ ಮುಳುಗಿಸಬಾರದು. ಡ್ರ್ಯಾಗನ್ನು ಸಡಿಲಿಸಿ ಇಡಿ. ಎಣ್ಣೆ ಒಂದೇ ತೊಟ್ಟು ಸಾಕು, ಅದೂ ರೀಲಿಗೆಂದೇ ಬರುವ ಎಣ್ಣೆ. ಅಡುಗೆ ಎಣ್ಣೆ ಬೇಡ, ಜಿಗುಟಾಗುತ್ತದೆ. ಉಜ್ಜುವ ಬ್ರೇಕಿನ ಬಿಲ್ಲೆಗಳಿಗೆ ಎಣ್ಣೆ ತಾಗಿಸಬೇಡಿ.

ಮರೆಯಬಾರದ ಮಾತುಗಳು

ಎಸೆಯುವ ಮುನ್ನ ಹಿಂದೆ ಯಾರಿದ್ದಾರೆ ನೋಡಿ, ಮುಖ್ಯವಾಗಿ ಮಕ್ಕಳು. ಇಂದಿನ ಕೋಲುಗಳಲ್ಲಿ ಬಹಳಷ್ಟು ಕಾರ್ಬನ್ನಿನವು, ವಿದ್ಯುತ್ ಹರಿಯುತ್ತದೆ. ಕರೆಂಟಿನ ತಂತಿಯ ಹತ್ತಿರ, ಗುಡುಗು ಮಿಂಚಿನಲ್ಲಿ ಕೋಲು ಎತ್ತಲೇಬೇಡಿ. ಮಳೆಗಾಲದಲ್ಲಿ ಸಮುದ್ರದ ಬಂಡೆಯ ಮೇಲೆ ನಿಲ್ಲಬೇಡಿ.

ಎಲ್ಲ ನೀರೂ ಗಾಳಕ್ಕಲ್ಲ. ಊರಿನ ಕೆರೆಯನ್ನು ಮೀನು ಸಾಕಲು ಗುತ್ತಿಗೆಗೆ ಕೊಟ್ಟಿದ್ದರೆ ಕೇಳಿಯೇ ಗಾಳ ಹಾಕಿ. ಅಭಯಾರಣ್ಯದೊಳಗೆ ಬೇಡ. ಶೃಂಗೇರಿ, ಶಿಶಿಲದಂಥ ಕಡೆ ದೇವರ ಮೀನುಗಳ ತಂಟೆಗೆ ಹೋಗುವ ಮಾತೇ ಇಲ್ಲ. 1946ರಲ್ಲಿ ಮೈಸೂರಿನ ವಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದಿದ್ದರು. ಆ ಕಾಲ ಹೋಯಿತು. ಕಾವೇರಿ ಸೀಮೆಯ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿ ಸೇರಿದೆ.

ಪತ್ರ ಬರೆದ ಸೋದರಿಗೆ ಒಂದು ಕಿವಿಮಾತು: ಮೊದಲು ನೀವು ಕಲಿಯಿರಿ, ಆಮೇಲೆ ಮಗನಿಗೆ ಕಲಿಸಿ. ಯಜಮಾನರು ತಾವಾಗಿ ಬಂದು ಕೇಳಿದರೆ ಅವರಿಗೂ ಹೇಳಿಕೊಡಿ. ಸಿಕ್ಕ ಮೀನಿನ ಸಾರಿಗೆ ಮಸಾಲೆ ಹೇಗಿರಬೇಕು ಅಂತ ನಿಮಗೆ ನಾವು ಹೇಳಬೇಕೇ? ಆ ಪಾಕವನ್ನು ನೀವೇ ನಮಗೆ ಬರೆದು ಕಳಿಸಿ.