ಗ್ಲಿವೆಕ್ ತೀರ್ಪನ್ನು ನಾವೇಕೆ ಮರೆಯಬಾರದು?

ಜುಮಾ ನಮಾಝ್ ಮುಗಿದ ಬೆನ್ನಿಗೇ ಸಫ್‌ನಿಂದ ಒಬ್ಬರು ಎದ್ದು ನಿಲ್ಲುತ್ತಾರೆ. ಕೈಯಲ್ಲಿ ಆಸ್ಪತ್ರೆಯ ಕಡತ, ಜೊತೆಗೆ ಜಮಾಅತ್ ಅಧ್ಯಕ್ಷರ ಸಹಿಯಿರುವ ಪತ್ರ. ಪತ್ನಿಗೋ ಸಹೋದರನಿಗೋ ಕ್ಯಾನ್ಸರ್, ಸಹಾಯ ಮಾಡಬೇಕು ಎಂದು ತಗ್ಗಿದ ದನಿಯಲ್ಲಿ ಹೇಳಿ ಬಾಗಿಲ ಬಳಿ ವಸ್ತ್ರ ಹಾಸುತ್ತಾರೆ. ಹತ್ತೋ ಇಪ್ಪತ್ತೋ ರೂಪಾಯಿ ಹಾಕಿ ನಾವು ಹೊರನಡೆಯುತ್ತೇವೆ. ನಮ್ಮ ಪಟ್ಟಣಗಳಲ್ಲಿ ಈ ದೃಶ್ಯ ಎಷ್ಟು ಸಾಮಾನ್ಯವಾಗಿದೆಯೆಂದರೆ, ಆ ಕಡತದೊಳಗೆ ಯಾವ ರೋಗದ ಹೆಸರಿದೆ, ಅದರ ಔಷಧಕ್ಕೆ ಬೆಲೆಯೆಷ್ಟು, ಆ ಬೆಲೆಯನ್ನು ನಿಶ್ಚಯಿಸಿದವರು ಯಾರು ಎಂಬ ಪ್ರಶ್ನೆಗಳು ನಮ್ಮಲ್ಲಿ ಹುಟ್ಟುವುದೇ ಇಲ್ಲ. ನಿಜವಾಗಿ, ಈ ಮೂರನೆಯ ಪ್ರಶ್ನೆ ವೈದ್ಯಕೀಯದ್ದಲ್ಲ, ರಾಜಕೀಯದ್ದು. ಅದನ್ನು ಅರಿಯಲು ಜಿಸ್ಟ್ ಎಂಬ ಹೆಸರಿನ ಒಂದು ಅಪರೂಪದ ಗೆಡ್ಡೆ ಮತ್ತು ಅದಕ್ಕೆ ದೊರೆತ ಒಂದು ಮಾತ್ರೆಯ ಕಥೆ ಸಾಕು.

ಜಿಸ್ಟ್ ಜಠರ ಅಥವಾ ಸಣ್ಣ ಕರುಳಿನ ಭಿತ್ತಿಯಲ್ಲಿ ಹುಟ್ಟುವ ಗೆಡ್ಡೆ. ಸಾಮಾನ್ಯವಾಗಿ ನಾವು ಕೇಳುವ ಜಠರದ ಕ್ಯಾನ್ಸರ್ ಒಳಪೊರೆಯಿಂದ ಹೊರಡುತ್ತದೆ, ಇದು ಹಾಗಲ್ಲ. ಅನ್ನನಾಳದಿಂದ ಕೆಳಗಿನವರೆಗೆ ಆಹಾರವನ್ನು ಲಯಬದ್ಧವಾಗಿ ತಳ್ಳುವ ಚಲನೆಗೆ ತಾಳ ಹಾಕುವ ಒಂದು ಬಗೆಯ ಕೋಶಗಳು ಕರುಳಿನ ಗೋಡೆಯಲ್ಲಿವೆ. ಸ್ಪೇನಿನ ವಿಜ್ಞಾನಿ ಕಾಹಾಲ್ ಅವರ ಹೆಸರಿನಿಂದ ಗುರುತಿಸಲಾಗುವ ಈ ಕೋಶಗಳ, ಅಥವಾ ಅವುಗಳ ಮೂಲಕೋಶಗಳ, ದಾರಿ ತಪ್ಪಿದ ಬೆಳವಣಿಗೆಯೇ ಜಿಸ್ಟ್. 1990ರ ದಶಕದ ಕೊನೆಯವರೆಗೂ ವೈದ್ಯರು ಇದನ್ನು ಸ್ನಾಯುವಿನ ಗೆಡ್ಡೆಯೆಂದೇ ಹೆಚ್ಚಾಗಿ ಭಾವಿಸಿದ್ದರು. ಶಸ್ತ್ರಚಿಕಿತ್ಸೆಯಲ್ಲಿ ಪೂರ್ತಿ ತೆಗೆಯಲು ಸಾಧ್ಯವಾದರೆ ಸರಿ, ಪಿತ್ತಜನಕಾಂಗಕ್ಕೆ ಹರಡಿದ್ದರೆ ಕೈಚೆಲ್ಲುವುದೇ ದಾರಿ. ಕೀಮೋಥೆರಪಿಗೆ ಈ ಗೆಡ್ಡೆ ಬಗ್ಗುತ್ತಲೇ ಇರಲಿಲ್ಲ.

1998ರಲ್ಲಿ ಜಪಾನಿನ ಒಸಾಕಾ ವಿಶ್ವವಿದ್ಯಾಲಯದ ಹಿರೋಟಾ ಮತ್ತು ಸಂಗಡಿಗರು ಈ ಗೆಡ್ಡೆಯ ಅಂತರಂಗವನ್ನು ತೆರೆದು ತೋರಿಸಿದರು. ಕೋಶದ ಮೇಲ್ಮೈಯಲ್ಲಿ ಕಿಟ್ ಎಂಬ ಪ್ರೋಟೀನು ಒಂದು ಸ್ವಿಚ್ಚಿನಂತೆ ಕೆಲಸ ಮಾಡುತ್ತದೆ. ಹೊರಗಿನಿಂದ ಸಂದೇಶ ಬಂದಾಗ ಮಾತ್ರ ಅದು ಕೋಶಕ್ಕೆ ವಿಭಜನೆಯಾಗಲು ಆಜ್ಞೆ ನೀಡಬೇಕು. ಆ ಪ್ರೋಟೀನಿನ ಜೀನಿನಲ್ಲಿ ಸಣ್ಣದೊಂದು ವ್ಯತ್ಯಾಸವಾದರೆ, ಸಂದೇಶವಿಲ್ಲದೆಯೂ ಸ್ವಿಚ್ಚು ಸದಾ ಹೊತ್ತಿಕೊಂಡೇ ಇರುತ್ತದೆ. ಬಹುಪಾಲು ಜಿಸ್ಟ್‌ಗಳಲ್ಲಿ ಆಗುವುದು ಇದೇ. 2003ರಲ್ಲಿ ಇನ್ನೊಂದು ಜೀನು ಕೂಡಾ ಕೆಲವು ರೋಗಿಗಳಲ್ಲಿ ಇದೇ ಕಿತಾಪತಿ ಮಾಡುತ್ತದೆಂದು ತಿಳಿದುಬಂತು. ಕಾರಣ ಅಷ್ಟು ನಿಖರವಾಗಿ ಸಿಕ್ಕಿದ್ದರಿಂದಲೇ ಮದ್ದೂ ಸಿಕ್ಕಿತು. ರಕ್ತದ ಕ್ಯಾನ್ಸರಿನ ಒಂದು ವಿಧಕ್ಕಾಗಿ ಸ್ವಿಟ್ಝರ್ಲ್ಯಾಂಡಿನ ಸೀಬಾ-ಗೈಗಿ ಕಂಪೆನಿಯ ರಸಾಯನ ವಿಜ್ಞಾನಿಗಳು ಇಮಾಟಿನಿಬ್ ಎಂಬ ಅಣುವನ್ನು ರೂಪಿಸಿದ್ದರು. ಆ ಕಂಪೆನಿ ಮುಂದೆ ವಿಲೀನಗೊಂಡು ನೊವಾರ್ಟಿಸ್ ಆಯಿತು. ಅಮೆರಿಕದ ವೈದ್ಯ ಬ್ರಿಯಾನ್ ಡ್ರೂಕರ್ ಅದನ್ನು ರಕ್ತದ ಕ್ಯಾನ್ಸರಿನಲ್ಲಿ ಯಶಸ್ವಿಯಾಗಿ ಪ್ರಯೋಗಿಸಿದರು. ಈ ಅಣು ಕಿಟ್ ಸ್ವಿಚ್ಚನ್ನೂ ಮುಚ್ಚಬಲ್ಲದೆಂದು ಪ್ರಯೋಗಾಲಯದಲ್ಲಿ ಕಂಡುಬಂದ ಬಳಿಕ, 2000ದ ಮಾರ್ಚ್‌ನಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ ಡಾ. ಯೊಯೆನ್ಸು ಅವರು ಎಲ್ಲ ದಾರಿಗಳೂ ಮುಚ್ಚಿದ್ದ ಒಬ್ಬ ಮಹಿಳೆಗೆ ಇದನ್ನು ನೀಡಿದರು. ಕೆಲವೇ ವಾರಗಳಲ್ಲಿ ಗೆಡ್ಡೆಗಳು ಕುಗ್ಗಿದುವು. 2002ರಲ್ಲಿ ಅಮೆರಿಕವು ಜಿಸ್ಟ್ ಚಿಕಿತ್ಸೆಗೆ ಇದಕ್ಕೆ ಮಾನ್ಯತೆ ನೀಡಿತು. ಹರಡಿದ ಜಿಸ್ಟ್ ಇದ್ದವರ ಆಯುಷ್ಯ ಸರಾಸರಿ ಒಂದೂವರೆ ವರ್ಷದಿಂದ ಸುಮಾರು ಐದು ವರ್ಷಕ್ಕೆ ಏರಿತು. ಅಲ್ಲಾಹನು ರೋಗದ ಜೊತೆಗೆ ಅದರ ಉಪಶಮನವನ್ನೂ ಇರಿಸಿರುವನೆಂದು ನಂಬುವವರಿಗೆ ಈ ಸುದ್ದಿಯಲ್ಲಿ ಅಚ್ಚರಿಯಿಲ್ಲ, ಸಂತೋಷವಿದೆ.

ಆದರೆ ಆ ಉಪಶಮನಕ್ಕೆ ಬೇಲಿ ಹಾಕಿದವರು ಮನುಷ್ಯರು. ಗ್ಲಿವೆಕ್ ಎಂಬ ಹೆಸರಿನಲ್ಲಿ ನೊವಾರ್ಟಿಸ್ ಮಾರುತ್ತಿದ್ದ ಈ ಔಷಧಕ್ಕೆ ಭಾರತದಲ್ಲಿ ತಿಂಗಳಿಗೆ ಸುಮಾರು 1,20,000 ರೂಪಾಯಿ ಬೆಲೆಯಿತ್ತು. ನಮ್ಮ ದೇಶದ ಕಂಪೆನಿಗಳು ಅದೇ ಔಷಧವನ್ನು 8ರಿಂದ 10 ಸಾವಿರ ರೂಪಾಯಿಗೆ ಕೊಡುತ್ತಿದ್ದುವು. ಔಷಧದ ಉತ್ಪನ್ನಕ್ಕೆ ಪೇಟೆಂಟ್ ಕೊಡದ 1970ರ ಕಾಯ್ದೆಯ ಫಲ ಅದು. ಜಾಗತಿಕ ವ್ಯಾಪಾರ ಒಪ್ಪಂದದ ಒತ್ತಡದಿಂದಾಗಿ ಆ ಕಾಯ್ದೆಯನ್ನು 2005ರಲ್ಲಿ ಬದಲಿಸಬೇಕಾಯಿತು. ಹಾಗೆ ಬದಲಿಸುವಾಗ ಸಂಸತ್ತು ಒಂದು ಜಾಣತನ ಮಾಡಿತು. ಈಗಾಗಲೇ ಗೊತ್ತಿರುವ ವಸ್ತುವಿನ ಹೊಸ ರೂಪವೊಂದನ್ನು ತಂದಿಟ್ಟು, ಅದರ ಪರಿಣಾಮದಲ್ಲಿ ಹೆಚ್ಚಳವಿದೆಯೆಂದು ಸಾಬೀತುಪಡಿಸದೆ, ಹೊಸ ಪೇಟೆಂಟ್ ಕೇಳುವಂತಿಲ್ಲ ಎಂಬ ನಿಬಂಧನೆಯನ್ನು ಸೇರಿಸಿತು. ಅದೇ 3(ಡಿ) ಪರಿಚ್ಛೇದ.

ನೊವಾರ್ಟಿಸ್ ಕೇಳಿದ್ದು ಇಮಾಟಿನಿಬ್‌ನ ಲವಣದ ಒಂದು ಹರಳು ರೂಪಕ್ಕೆ ಪೇಟೆಂಟ್. ಮೂಲ ಅಣು 1993ರಷ್ಟು ಹಿಂದಿನದು. ಹೊಸ ರೂಪವು ದೇಹದಲ್ಲಿ ಶೇಕಡಾ 30ರಷ್ಟು ಹೆಚ್ಚು ಹೀರಲ್ಪಡುತ್ತದೆಂಬುದು ಕಂಪೆನಿಯ ವಾದವಾಗಿತ್ತು. ಸಿಪ್ಲಾದಂತಹ ದೇಶೀಯ ಕಂಪೆನಿಗಳ ಜೊತೆಗೆ ಮುಂಬೈಯ ಕ್ಯಾನ್ಸರ್ ರೋಗಿಗಳ ನೆರವು ಸಂಘವೂ ಅದನ್ನು ವಿರೋಧಿಸಿತು. ಚೆನ್ನೈ ಪೇಟೆಂಟ್ ಕಚೇರಿ 2006ರಲ್ಲಿ ಅರ್ಜಿಯನ್ನು ತಿರಸ್ಕರಿಸಿತು. ಪರಿಚ್ಛೇದವೇ ಅಸಾಂವಿಧಾನಿಕ ಎಂದು ಹೂಡಿದ ದಾವೆಯನ್ನು 2007ರಲ್ಲಿ ಮದ್ರಾಸ್ ಹೈಕೋರ್ಟ್ ವಜಾಗೊಳಿಸಿತು. ಕೊನೆಗೆ 2013ರ ಎಪ್ರಿಲ್ 1ರಂದು ಸುಪ್ರೀಮ್ ಕೋರ್ಟ್‌ನ ನ್ಯಾಯಮೂರ್ತಿ ಅಫ್ತಾಬ್ ಆಲಮ್ ಮತ್ತು ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಅವರ ಪೀಠವು, ಔಷಧದ ವಿಷಯದಲ್ಲಿ ಪರಿಣಾಮವೆಂದರೆ ರೋಗ ಗುಣಪಡಿಸುವ ಪರಿಣಾಮವೇ ಹೊರತು ಬೇರೇನಲ್ಲ ಎಂದು ಸ್ಪಷ್ಟಪಡಿಸಿ ಕಂಪೆನಿಯ ಮೇಲ್ಮನವಿಯನ್ನು ತಳ್ಳಿಹಾಕಿತು.

ಇದೇ ಪೀಠ 2012ರ ಮೇಯಲ್ಲಿ ಹಜ್ಜ್ ಸಬ್ಸಿಡಿಯನ್ನು ಹತ್ತು ವರ್ಷಗಳಲ್ಲಿ ಹಂತ ಹಂತವಾಗಿ ನಿಲ್ಲಿಸುವಂತೆ ಆದೇಶಿಸಿತ್ತು. ಆ ತೀರ್ಪು ನಮ್ಮ ಚಹಾದಂಗಡಿಗಳಲ್ಲಿ, ವೇದಿಕೆಗಳಲ್ಲಿ ಎಷ್ಟೆಲ್ಲ ಚರ್ಚೆಯಾಯಿತು! ಮರುವರ್ಷ ಅದೇ ಇಬ್ಬರು ನೀಡಿದ ಈ ತೀರ್ಪು ನಮ್ಮ ನಡುವಿನ ಬಡರೋಗಿಗಳಿಗೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಸಂಬಂಧಿಸಿದ್ದಾಗಿತ್ತು. ಆದರೆ ಅದು ಸದ್ದಿಲ್ಲದೆ ಸರಿದು ಹೋಯಿತು. ಸಮುದಾಯದ ಸಮಸ್ಯೆಗಳೆಂದರೆ ಹೆಸರಿನಲ್ಲಿ ಮುಸ್ಲಿಮ್ ಎಂದಿರುವವು ಮಾತ್ರ ಎಂಬ ತಪ್ಪುಕಲ್ಪನೆಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೇ?

ಸಂಶೋಧನೆಗೆ ಹಣ ಬೇಕು, ಲಾಭವಿಲ್ಲದಿದ್ದರೆ ಹೊಸ ಔಷಧ ಬರದು ಎಂದು ಕಂಪೆನಿಗಳು ಹೇಳುತ್ತವೆ. ಆ ಮಾತನ್ನು ಪೂರ್ತಿ ಅಲ್ಲಗಳೆಯಬೇಕಿಲ್ಲ. ಅಣುವನ್ನು ರೂಪಿಸಿದ ವಿಜ್ಞಾನಿಗಳ ಶ್ರಮ ದೊಡ್ಡದು. ಆದರೆ ಜಿಸ್ಟ್‌ನ ಕಾರಣವನ್ನು ಕಂಡುಹಿಡಿದದ್ದು ಒಂದು ವಿಶ್ವವಿದ್ಯಾಲಯ, ಔಷಧವನ್ನು ಈ ರೋಗದಲ್ಲಿ ಮೊದಲು ನೀಡಿದ್ದು ಒಂದು ಸಾರ್ವಜನಿಕ ಆಸ್ಪತ್ರೆ. ಎಲ್ಲರ ಹಣದಿಂದ ಬೆಳೆದ ಜ್ಞಾನದ ಕೊನೆಯ ಮೆಟ್ಟಿಲಲ್ಲಿ ಒಬ್ಬರು ಗೇಟು ಹಾಕಿ ಕುಳಿತರೆ ಅದನ್ನು ನ್ಯಾಯ ಎನ್ನುವುದು ಹೇಗೆ? ಜನರಿಗೆ ಅಗತ್ಯವಿರುವ ವಸ್ತುವನ್ನು ಬೆಲೆಯೇರಿಕೆಗಾಗಿ ಬಚ್ಚಿಡುವುದನ್ನು ಪ್ರವಾದಿ(ಸ) ಕಠಿಣವಾಗಿ ಖಂಡಿಸಿರುವುದು ಧಾನ್ಯಕ್ಕಷ್ಟೇ ಅನ್ವಯವೆಂದು ಭಾವಿಸಬೇಕಾಗಿಲ್ಲ.

ತೀರ್ಪು ಬಂದು ಹೋಯಿತು, ಇಮಾಟಿನಿಬ್ ಅಗ್ಗವಾಯಿತು, 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅಗತ್ಯ ಔಷಧಗಳ ಪಟ್ಟಿಗೂ ಸೇರಿಸಿತು. ಇನ್ನೇಕೆ ಈ ಮಾತು ಎಂದು ಕೇಳಬಹುದು. ಕಾರಣವಿದೆ. ಈ ಗೆಡ್ಡೆ ಕಾಲಕ್ರಮೇಣ ಇಮಾಟಿನಿಬ್‌ಗೆ ಪ್ರತಿರೋಧ ಬೆಳೆಸಿಕೊಳ್ಳುತ್ತದೆ. ಆಗ ಸುನಿಟಿನಿಬ್, ಬಳಿಕ ರೆಗೊರಾಫೆನಿಬ್ ಬೇಕು. 2020ರಲ್ಲಿ ಅಮೆರಿಕದಲ್ಲಿ ಅವಾಪ್ರಿಟಿನಿಬ್ ಮತ್ತು ರಿಪ್ರೆಟಿನಿಬ್‌ಗೆ ಮಾನ್ಯತೆ ದೊರೆತಿದೆ. ಪ್ರತಿಯೊಂದು ಹೊಸ ಔಷಧದೊಂದಿಗೂ ಬೆಲೆಯ ಪ್ರಶ್ನೆ ಮತ್ತೆ ಹುಟ್ಟುತ್ತದೆ. ರೋಗಿಗಳ ಸಂಘವೊಂದು ಅಂದು ಗೆದ್ದದ್ದು, ಪೇಟೆಂಟ್ ನೀಡುವ ಮುನ್ನವೇ ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದೆಂಬ ಹಕ್ಕಿನ ಬಲದಿಂದ. 2024ರ ಮಾರ್ಚ್ 10ರಂದು ಕೇಂದ್ರ ಸರಕಾರವು ಸ್ವಿಟ್ಝರ್ಲ್ಯಾಂಡ್ ಸೇರಿದಂತೆ ಯುರೋಪಿನ ನಾಲ್ಕು ರಾಷ್ಟ್ರಗಳ ಕೂಟದೊಂದಿಗೆ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿತು. ಐದೇ ದಿನಗಳಲ್ಲಿ ಪೇಟೆಂಟ್ ನಿಯಮಗಳನ್ನು ತಿದ್ದಲಾಯಿತು. ಹಿಂದೆ ಉಚಿತವಾಗಿದ್ದ ಆ ಆಕ್ಷೇಪಕ್ಕೆ ಈಗ ಶುಲ್ಕವಿದೆ. ಅದು ವಿಚಾರಣೆಗೆ ಅರ್ಹವೇ ಎಂದು ಅಧಿಕಾರಿ ಮೊದಲೇ ತೀರ್ಮಾನಿಸುತ್ತಾರೆ. 3(ಡಿ) ಉಳಿದಿದೆ, ಆದರೆ ಅದರ ಬಾಗಿಲು ಕಿರಿದಾಗಿದೆ. ನಮ್ಮ ಮತ ಕೇಳಲು ಬರುವ ಸಂಸದರಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆಯೆಂದು ಒಮ್ಮೆ ಕೇಳಿ ನೋಡಬೇಕು.

ಹಾಗಂತ ಎಲ್ಲವನ್ನೂ ಸರಕಾರದ ಮೇಲೆ ಹೊರಿಸಿ ನಾವು ಕೈತೊಳೆಯುವಂತಿಲ್ಲ. ಜಿಸ್ಟ್ ಹೆಚ್ಚಾಗಿ ನೋವಿನಿಂದಲ್ಲ, ಒಳಗಿನ ರಕ್ತಸ್ರಾವದಿಂದ ತನ್ನನ್ನು ತೋರಿಸಿಕೊಳ್ಳುತ್ತದೆ: ಕಪ್ಪಗಿನ ಮಲ, ಕಾರಣವಿಲ್ಲದ ಸುಸ್ತು, ಇಳಿಯುತ್ತಾ ಹೋಗುವ ಹಿಮೋಗ್ಲೋಬಿನ್. ನಮ್ಮ ಮನೆಗಳಲ್ಲಿ ಮಹಿಳೆಯರ ರಕ್ತಹೀನತೆ ಒಂದು ರೋಗವೆಂದು ಪರಿಗಣಿಸಲ್ಪಡುವುದೇ ಕಡಿಮೆ. ಕಬ್ಬಿಣದ ಟಾನಿಕ್ ಒಂದು ಬಾಟ್ಲಿ, ಮತ್ತೂ ಗುಣವಾಗದಿದ್ದರೆ ಒಂದು ತಾವೀಝ್. ಪ್ರಾರ್ಥನೆ ಮುಖ್ಯ, ಆದರೆ ಚಿಕಿತ್ಸೆ ಪಡೆಯಿರೆಂದು ಕಲಿಸಿದ ಪ್ರವಾದಿಯ(ಸ) ಅನುಯಾಯಿಗಳು ಎಂಡೋಸ್ಕೋಪಿಗೆ ಬದಲಾಗಿ ತಾಯಿತವನ್ನು ಆರಿಸುವುದು ಧರ್ಮನಿಷ್ಠೆಯಲ್ಲ.

ಇನ್ನು ನೆರವಿನ ಕ್ರಮ. ಹರಡಿದ ಜಿಸ್ಟ್‌ನಲ್ಲಿ ಮಾತ್ರೆ ನಿಲ್ಲಿಸಿದರೆ ಗೆಡ್ಡೆ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಶಸ್ತ್ರಚಿಕಿತ್ಸೆಯಾದ ಅಪಾಯದ ಹಂತದ ರೋಗಿಗಳಲ್ಲಿ ಒಂದು ವರ್ಷದ ಬದಲು ಮೂರು ವರ್ಷ ಮಾತ್ರೆ ಕೊಟ್ಟಾಗ, ಐದು ವರ್ಷಗಳ ಬಳಿಕ ಬದುಕಿದ್ದವರು ಶೇಕಡಾ 82ರಿಂದ 92ಕ್ಕೆ ಏರಿದರೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಅಂದರೆ ಈ ರೋಗಿಗೆ ಬೇಕಾದುದು ಒಂದು ಜುಮಾದ ವಸ್ತ್ರದಲ್ಲಿ ಬೀಳುವ ಚಿಲ್ಲರೆಯಲ್ಲ, ತಿಂಗಳು ತಪ್ಪದ ಮಾತ್ರೆ. ಗೆಡ್ಡೆಯ ಜೀನ್ ಪರೀಕ್ಷೆಗೂ ಹಣ ಬೇಕು, ಏಕೆಂದರೆ ಒಂದು ಬಗೆಯ ವ್ಯತ್ಯಾಸವಿರುವವರಿಗೆ ಇಮಾಟಿನಿಬ್ ನಾಟುವುದೇ ಇಲ್ಲ. ಇನ್ನೊಂದು ಬಗೆಯವರಿಗೆ ಇಮ್ಮಡಿ ಪ್ರಮಾಣ ಬೇಕಾಗಬಹುದು. ಬಡರೋಗಿಯೂ ಸಾಲದಲ್ಲಿ ಮುಳುಗಿದವನೂ ಝಕಾತ್‌ನ ಹಕ್ಕುದಾರರೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಆದರೂ ರಮಝಾನ್‌ನಲ್ಲಿ ನೂರು, ಇನ್ನೂರು ರೂಪಾಯಿಗಳಾಗಿ ಹಂಚಿಹೋಗುವ ಝಕಾತ್, ಶವ್ವಾಲ್‌ನಲ್ಲಿ ಅದೇ ಮನುಷ್ಯನನ್ನು ಮತ್ತೆ ಮಸೀದಿಯ ಬಾಗಿಲಿಗೆ ತಂದು ನಿಲ್ಲಿಸುತ್ತದೆ.

ಪ್ರತಿ ಪಟ್ಟಣದ ಜಮಾಅತ್‌ಗಳು ಒಟ್ಟು ಸೇರಿ ಇಬ್ಬರು ವಿದ್ಯಾವಂತ ಯುವಕರನ್ನು, ಇಬ್ಬರು ಯುವತಿಯರನ್ನು ಈ ಕೆಲಸಕ್ಕೆ ನೇಮಿಸಲಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡ್ ಮಾಡಿಸಿಕೊಡುವುದು, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಮೊದಲ ಬಾರಿ ಹೋಗುವವರ ಜೊತೆಗೆ ಹೋಗುವುದು, ಅದೇ ಔಷಧದ ಅಗ್ಗದ ಮಾತ್ರೆ ಯಾವುದೆಂದು ವೈದ್ಯರಲ್ಲಿ ಕೇಳಿ ತಿಳಿಯುವುದು, ತಿಂಗಳ ಮಾತ್ರೆಯನ್ನು ಮನೆಗೆ ತಲುಪಿಸುವುದು ಇವರ ಹೊಣೆಯಾಗಲಿ. ರೋಗಿಯ ಮನೆಯವರು ಜುಮಾದಂದು ಕಡತ ಹಿಡಿದು ಎದ್ದು ನಿಲ್ಲಬೇಕಾಗಿಲ್ಲ. ಉಳಿದವರಂತೆ ಸುನ್ನತ್ ನಮಾಝ್ ಮುಗಿಸಿ ಮನೆಗೆ ಹೋಗಲಿ.