ಇಳಿಹೊತ್ತಿನ ತೋಟಪಾಠ ಮೆಣಸಗಿಗೂ ಬರಲಿ

ಮನೆಯಂಗಳದಲ್ಲಿ ನಾಲ್ಕು ಗಿಡ ಬೆಳೆಸುವವರಿಗಾಗಿ ಸಂಜೆಯ ಹೊತ್ತು ಉಪನ್ಯಾಸ ಏರ್ಪಡಿಸುವುದು ತೋಟಗಾರಿಕಾ ಸಂಘಗಳ ಹಳೆಯ ಪದ್ಧತಿ. ಹಗಲೆಲ್ಲ ಕಚೇರಿಯಲ್ಲೋ ಅಂಗಡಿಯಲ್ಲೋ ದುಡಿದವರು ದೀಪ ಹಚ್ಚುವ ಹೊತ್ತಿಗೆ ಬಂದು ಕೂಡುತ್ತಾರೆ. ಬಲ್ಲವರೊಬ್ಬರು ಮಣ್ಣು, ಗೊಬ್ಬರ, ಬೀಜ, ಕೀಟಗಳ ಬಗೆಗೆ ಗಂಟೆಯಷ್ಟು ಮಾತನಾಡುತ್ತಾರೆ. ಅನಂತರ ಬಾಡಿದ ಎಲೆಯನ್ನೋ ಹುಳು ಕೊರೆದ ಕಾಯಿಯನ್ನೋ ಚೀಲದಿಂದ ತೆಗೆದು ಮುಂದಿಡುವವರ ಸರದಿ. ಉಪನ್ಯಾಸದ ನಿಜವಾದ ಪ್ರಯೋಜನ ಆಗುವುದು ಈ ಎರಡನೆಯ ಭಾಗದಲ್ಲಿ. ಲಂಡನ್ನಿನಲ್ಲಿ 1804ರಲ್ಲಿ, ಕಲ್ಕತ್ತೆಯಲ್ಲಿ 1820ರಲ್ಲಿ ಇಂಥ ಸಂಘಗಳು ಹುಟ್ಟಿದವು. ನಮ್ಮ ನಾಡಿನಲ್ಲಿ 1912ರಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಮೈಸೂರು ಉದ್ಯಾನಕಲಾ ಸಂಘ ಹುಟ್ಟಿತು.

ಆ ಸಂಘದ ಹಿಂದೆ ಇದ್ದವರು ಗುಸ್ತಾವ್ ಕ್ರುಂಬಿಗಲ್. ಜರ್ಮನಿಯಲ್ಲಿ ಹುಟ್ಟಿ, ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ದುಡಿದು, ಬರೋಡ ಸಂಸ್ಥಾನದ ತೋಟಗಳನ್ನು ನೋಡಿಕೊಂಡು, 1908ರಲ್ಲಿ ಲಾಲ್‌ಬಾಗಿಗೆ ಬಂದ ಈತ ತೋಟಗಾರಿಕೆಯನ್ನು ಅರಮನೆಯ ಆವರಣದಿಂದ ಸಾಮಾನ್ಯರ ಮನೆಯ ಮುಂದಕ್ಕೆ ತರಲು ಬಯಸಿದವರು. ಗಾಜಿನ ಮನೆಯ ಫಲಪುಷ್ಪ ಪ್ರದರ್ಶನಗಳು, ಮನೆತೋಟಗಳ ಸ್ಪರ್ಧೆಗಳು ಈ ಸಂಘದ ಹೆಸರಿನೊಡನೆಯೇ ಬೆಳೆದುಬಂದಿವೆ. ಅವರ ಹೆಸರಿನಲ್ಲಿದ್ದ ಹಳೆಯ ಉಪನ್ಯಾಸ ಮಂದಿರ 2017ರ ನವೆಂಬರಿನಲ್ಲಿ ಕುಸಿದುಬಿದ್ದಾಗ ಪರಂಪರೆಯ ಕಟ್ಟಡವೊಂದು ಹೋಯಿತೆಂದು ಅನೇಕರು ಮರುಗಿದರು. ಮರುಗಬೇಕಾದದ್ದೇ. ಆದರೆ ಒಂದು ನೂರು ವರ್ಷಗಳಲ್ಲಿ ಅಂಥ ಮಂದಿರದ ಮಾತು ಲಾಲ್‌ಬಾಗಿನ ಗೋಡೆಯಾಚೆ ಎಷ್ಟು ದೂರ ನಡೆದುಹೋಯಿತೆಂಬ ಪ್ರಶ್ನೆಯನ್ನು ಆಗ ಯಾರೂ ಎತ್ತಿದಂತೆ ಕಾಣಲಿಲ್ಲ. ಮಹಾನಗರದೊಳಗೇನೋ ಆ ಮಾತು ಚೆನ್ನಾಗಿಯೇ ಹಬ್ಬಿದೆ. ಕೀಟಶಾಸ್ತ್ರಜ್ಞ ಡಾ. ಬಿ. ಎನ್. ವಿಶ್ವನಾಥ್ ಅವರಂಥವರು ತಾರಸಿಯ ಮೇಲೆ ವಿಷವಿಲ್ಲದ ತರಕಾರಿ ಬೆಳೆಯುವುದನ್ನು ಸಾವಿರಾರು ಮನೆಗಳಿಗೆ ಕಲಿಸಿದರು. ನೆಲವೇ ಇಲ್ಲದ ಊರಿನಲ್ಲಿ ತೋಟದ ಪಾಠ ಸಮೃದ್ಧವಾಗಿ ನಡೆಯುತ್ತದೆ, ನೆಲವಿರುವ ಹಳ್ಳಿಗೆ ಅದು ಬರುವುದೇ ಇಲ್ಲ.

ಘಟ್ಟದ ಮೇಲಿನ ಈ ಪತ್ರಿಕೆಗೆ ರೋಣ ತಾಲ್ಲೂಕಿನ ಮೆಣಸಗಿಯ ಉಸಾಬರಿ ಏಕೆಂದು ಓದುಗರು ಕೇಳಬಹುದು. ನಂಟು ನೀರಿನದು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕಾಡಿನಲ್ಲಿ ಹುಟ್ಟುವ ಮಲಪ್ರಭೆ, ನವಿಲುತೀರ್ಥದ ಅಣೆಕಟ್ಟನ್ನು ದಾಟಿ ಬಯಲಿಗಿಳಿದು, ಮೆಣಸಗಿಯ ಬಳಿ ಬೆಣ್ಣೆಹಳ್ಳವನ್ನು ಕೂಡಿಸಿಕೊಂಡು, ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮೆಣಸಗಿಯ ಸೀಮೆಯಲ್ಲಿ ಬೀಳುವ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ತನ್ನ ಮಳೆ ಸಾಲದ ಆ ನೆಲಕ್ಕೆ ಮೇಲಿನವರ ಮಳೆ ಒಮ್ಮೊಮ್ಮೆ ಮನೆಯೊಳಗೇ ನುಗ್ಗುತ್ತದೆ. 2009ರ ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ರೋಣ, ನರಗುಂದ ತಾಲ್ಲೂಕುಗಳ ಹೊಳೆದಂಡೆಯ ಹಳ್ಳಿಗಳು ಕಂಡದ್ದು ಇದನ್ನೇ. ಘಟ್ಟದಲ್ಲಿ ಕಾಡು ಕಡಿದ ಪರಿಣಾಮವನ್ನು ಕುರಿತು ಈ ಪುಟಗಳಲ್ಲಿ ಹಲವು ಬಾರಿ ಬರೆದಿದ್ದೇವೆ. ನೆರೆ ಇಳಿದ ಮೇಲೆ ಅಲ್ಲಿನ ಮನೆಯ ಅಡಿಗೆಗೆ ಏನಾಯಿತೆಂಬುದನ್ನು ಬರೆದದ್ದು ಕಡಿಮೆ.

ಎರಿ ಸೀಮೆಯ ಮನೆಗಳಿಗೆ ಮಲೆನಾಡಿನಂಥ ವಿಸ್ತಾರವಾದ ಹಿತ್ತಲು ಎಂದೂ ಇರಲಿಲ್ಲ. ಅಲ್ಲಿನ ಹೆಣ್ಣುಮಕ್ಕಳ ತೋಟ ಮೂರು ನಾಲ್ಕು ಕಡೆ ಹರಿದು ಹಂಚಿಹೋಗಿತ್ತು. ಜೋಳದ ಹೊಲದ ಅಕ್ಕಡಿ ಸಾಲಿನಲ್ಲಿ ಪುಂಡಿ, ಅವರೆ. ಬದುವಿನ ಮೇಲೆ ಚವಳಿ. ತಿಪ್ಪೆಯ ಅಂಚಿನಲ್ಲಿ ಕುಂಬಳ. ಬಚ್ಚಲ ಹಿಂದೆ ಒಂದು ಬಾಳೆ, ಒಂದು ಕರಿಬೇವು. ಮಾಳಿಗೆಗೆ ಹಬ್ಬಿಸಿದ ಹೀರೆ. ಹಕ್ಕರಿಕೆಯನ್ನಂತೂ ಯಾರೂ ಬಿತ್ತಬೇಕಾಗಿರಲಿಲ್ಲ. ಹೊಲದಲ್ಲಿ ತಾನೇ ಹುಟ್ಟುತ್ತಿತ್ತು, ಕಳೆ ತೆಗೆಯಲು ಹೋದವಳು ಉಡಿಯಲ್ಲಿ ತುಂಬಿಕೊಂಡು ಬಂದು ಹಸಿಯದನ್ನೇ ರೊಟ್ಟಿಯೊಡನೆ ಬಡಿಸುತ್ತಿದ್ದಳು. ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಹಕ್ಕರಿಕೆಯೂ ಕಳೆಯ ಲೆಕ್ಕಕ್ಕೇ ಸೇರುತ್ತದೆ. ಒಂದೇ ಬೆಳೆ ತುಂಬಿದ ಹೊಲದಲ್ಲಿ ಅಕ್ಕಡಿಗೆ ಸಾಲಿಲ್ಲ. ನೆರೆಯ ನಂತರ ‘ಆಸರೆ’ಯಂಥ ಯೋಜನೆಗಳಲ್ಲಿ ಎತ್ತರದ ನೆಲದಲ್ಲಿ ಅಳೆದು ಕೊಟ್ಟ ನಿವೇಶನಗಳಿಗೆ ತಿಪ್ಪೆ ಎಲ್ಲಿ, ಬದು ಎಲ್ಲಿ? ಗೋಡೆಗೂ ಗೋಡೆಗೂ ನಡುವೆ ಉಳಿದ ಐದಾರು ಅಡಿಯಲ್ಲಿ ಕಲ್ಲು, ಸಿಮೆಂಟಿನ ಚೂರು, ಎರೆಮಣ್ಣು ಕಲಸಿಕೊಂಡಿರುತ್ತವೆ. ಬೀಜದ ಗಡಿಗೆಗಳೂ ನೆರೆಯಲ್ಲಿ ನೆನೆದವು. ನೆನೆದು ಮುಗ್ಗಿದ ಬೀಜ ಮತ್ತೆ ಮೊಳೆಯುವುದಿಲ್ಲ. ಬೆಳೆ ಪರಿಹಾರದ ಪಟ್ಟಿಯಲ್ಲಿ ಹೆಸರು, ಗೋವಿನಜೋಳ, ಹತ್ತಿಗಳಿಗೆ ಸ್ಥಾನವಿದೆ. ಮಾಳಿಗೆಯ ಹೀರೆಗೆ ಯಾವ ಪಟ್ಟಿಯಲ್ಲಿಯೂ ಸ್ಥಾನವಿಲ್ಲ.

ಇದು ಹೊಟ್ಟೆಗೆ ಸಂಬಂಧಿಸಿದ ಮಾತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿಗೆ ರಕ್ತಹೀನತೆಯಿದೆ. ಸೊಪ್ಪೊಂದರಿಂದಲೇ ರಕ್ತಹೀನತೆ ನೀಗುತ್ತದೆಂದು ನಾವು ಹೇಳುತ್ತಿಲ್ಲ. ಆದರೆ ಸಂತೆಯ ದಿನ ಬಿಟ್ಟರೆ ಉಳಿದ ದಿನಗಳಲ್ಲಿ ರೊಟ್ಟಿಗೆ ಖಾರದ ಪುಡಿಯೇ ಗತಿಯಾದ ಮನೆಯಲ್ಲಿ ಒಂದು ಮಡಿ ರಾಜಗಿರಿ, ಒಂದು ನುಗ್ಗೆಗಿಡ ಮಾಡುವ ಉಪಕಾರ ಸಣ್ಣದೇನಲ್ಲ. ಬರ, ಸಾಲ, ನೆರೆಗಳ ನಡುವೆ ತೋಟದ ಉಪನ್ಯಾಸವೆಂಬುದು ಉಳ್ಳವರ ಹವ್ಯಾಸವೆಂದು ಮೂಗು ಮುರಿಯುವ ಮಿತ್ರರು ನಮ್ಮ ಬಳಗದಲ್ಲಿಯೇ ಇದ್ದಾರೆ. ಹೂವಿನ ಕುಂಡದ ಉಪನ್ಯಾಸವಾದರೆ ಅವರ ಮಾತನ್ನು ಒಪ್ಪಬಹುದು.

ಹಾಗಾದರೆ ಮೆಣಸಗಿಯಲ್ಲಿ ಸಂಜೆಯ ಪಾಠ ಯಾವುದರ ಮೇಲಿರಬೇಕು? ಮೊದಲನೆಯದು ಎರೆಮಣ್ಣು. ಮಹಾನಗರದ ತಾರಸಿ ತೋಟದ ಪಾಠಕ್ಕೆ ಇಲ್ಲಿ ಹೆಚ್ಚು ಬೆಲೆಯಿಲ್ಲ. ಅಲ್ಲಿ ಮಣ್ಣನ್ನು ಕೊಂಡು ತಂದು ಚೀಲಕ್ಕೆ ತುಂಬುತ್ತಾರೆ. ಎರೆ ಹಸಿಯಾದಾಗ ಉಬ್ಬಿ ಗಾಳಿಯ ದಾರಿಯನ್ನೆಲ್ಲ ಮುಚ್ಚಿಕೊಳ್ಳುತ್ತದೆ, ಒಣಗಿದಾಗ ಬಿರುಕುಬಿಟ್ಟು ಎಳೆಯ ಬೇರನ್ನು ಹರಿಯುತ್ತದೆ. ತರಕಾರಿ ಸಸಿ ನೀರಿಲ್ಲದೆ ಸಾಯುವುದಕ್ಕಿಂತ ನೀರು ನಿಂತು ಸಾಯುವುದೇ ಹೆಚ್ಚು. ಆದ್ದರಿಂದ ಮಡಿಯನ್ನು ತಗ್ಗಿನಲ್ಲಿ ಮಾಡದೆ ಮುಕ್ಕಾಲು ಅಡಿಯೋ ಒಂದು ಅಡಿಯೋ ಎತ್ತರಿಸಬೇಕು. ಹಳೆಯ ತಿಪ್ಪೆಗೊಬ್ಬರ, ಜೋಳದ ಕೊಯ್ಲಿನ ಕೂಳೆ, ತೊಗರಿಯ ಹೊಟ್ಟು ಸೇರಿಸಿ ಮಣ್ಣನ್ನು ಸಡಿಲಗೊಳಿಸಬೇಕು, ಮೇಲೆ ಸೊಪ್ಪುಸದೆಯ ಹೊದಿಕೆ ಹಾಕಬೇಕು. ಹೊದಿಕೆಯಿದ್ದರೆ ಬಿರುಕು ಕಡಿಮೆ, ಕೊಡ ಹೊರುವ ಶ್ರಮವೂ ಕಡಿಮೆ.

ಎರೆಯಲ್ಲಿ ಸುಣ್ಣದ ಅಂಶ ಹೆಚ್ಚು. ಎಲೆಯ ನರ ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗುವುದನ್ನು ಕಂಡ ರೈತರು ರೋಗವೆಂದು ತಿಳಿದು ಅಂಗಡಿಗೆ ಹೋಗುತ್ತಾರೆ. ಅಂಗಡಿಯವನು ಒಂದು ಬಾಟಲಿ ಕೊಡುತ್ತಾನೆ. ಎಳೆಯ ಎಲೆಗಳಲ್ಲಿ ಮೊದಲು ಕಾಣುವ ಈ ಹಳದಿ ಬಹುಮಟ್ಟಿಗೆ ಕಬ್ಬಿಣದ ಕೊರತೆಯ ಗುರುತು. ಮಣ್ಣಿನಲ್ಲಿ ಕಬ್ಬಿಣವಿರುತ್ತದೆ, ಸುಣ್ಣದ ದೆಸೆಯಿಂದ ಬೇರಿಗೆ ಸಿಗುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಒಂದು ಗ್ರಾಂ ನಿಂಬೆಹುಳಿ ಬೆರೆಸಿ ಎಲೆಗೆ ಚಿಮುಕಿಸಿದರೆ ಹಸಿರು ಮರಳುತ್ತದೆ. ಗೊಬ್ಬರ ಹೆಚ್ಚಿದಂತೆ ಅದರ ಅಗತ್ಯವೂ ತಗ್ಗುತ್ತದೆ. ಇಷ್ಟು ತಿಳಿದಿದ್ದರೆ ಒಂದು ಬಾಟಲಿ ವಿಷ ಅಡಿಗೆಮನೆಯ ಹತ್ತಿರ ಬರುವುದು ತಪ್ಪುತ್ತದೆ.

ಇನ್ನೊಂದು ಸವಳು. ಮಲಪ್ರಭಾ ಕಾಲುವೆಯ ಅಚ್ಚುಕಟ್ಟಿನಲ್ಲಿ ಎರೆ ಹೊಲಕ್ಕೆ ಅಳತೆ ಮೀರಿ ನೀರುಣಿಸಿ ಜೌಗು, ಸವಳು ತರಿಸಿಕೊಂಡ ಕತೆ ಎಲ್ಲರಿಗೂ ಗೊತ್ತು. ಅದೇ ತಪ್ಪು ಐದು ಅಡಿಯ ಮಡಿಯಲ್ಲಿಯೂ ನಡೆಯುತ್ತದೆ, ಅದಕ್ಕೆ ಕಾಲುವೆ ಬೇಡ, ಬಚ್ಚಲು ಸಾಕು. ಬಚ್ಚಲ ನೀರು ನೀರಿಲ್ಲದ ಊರಿನ ದೊಡ್ಡ ಆಸ್ತಿ. ಆದರೆ ಬಟ್ಟೆಯ ಪುಡಿಯಲ್ಲಿರುವ ಸೋಡಿಯಂ ಎರೆಮಣ್ಣಿನ ಕಣಗಳನ್ನು ಬಿಡಿಸಿ ಗಚ್ಚಿನಂತೆ ಮಾಡಿಬಿಡುತ್ತದೆ. ಪಾತ್ರೆ ತೊಳೆದ, ಮಿಂದ ನೀರು ಬೇರೆ, ಬಟ್ಟೆ ಒಗೆದ ಮೊದಲ ನೀರು ಬೇರೆ ಎಂದು ವಿಂಗಡಿಸಿ, ಮೊದಲಿನದನ್ನು ಬಾಳೆ, ನುಗ್ಗೆಗಳ ಬುಡಕ್ಕೆ ಬಿಡುವುದು ಒಳ್ಳೆಯದು. ಸೊಪ್ಪಿನ ಮಡಿಗೆ ಎರಡೂ ಬೇಡ. ಉಪನ್ಯಾಸದಲ್ಲಿ ಇದನ್ನು ಬಾಯಿಂದ ಹೇಳುವ ಅಗತ್ಯವೂ ಇಲ್ಲ. ಕಡಲೆಗಾತ್ರದ ಒಣ ಹೆಂಟೆಯೊಂದನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗದಂತೆ ಬಿಟ್ಟು ನೋಡಬೇಕು. ಹೆಂಟೆ ಕರಗಿದರೂ ಸುತ್ತಲಿನ ನೀರು ತಿಳಿಯಾಗಿಯೇ ಉಳಿದರೆ ಚಿಂತೆಯಿಲ್ಲ. ಹಾಲು ಚೆಲ್ಲಿದಂತೆ ಕದಡಿದರೆ ಸೋಡಿಯಂ ಹೆಚ್ಚಿದೆಯೆಂದು ಅರ್ಥ, ಜಿಪ್ಸಂ ಮತ್ತು ಗೊಬ್ಬರದ ಚಿಂತೆ ಮಾಡಬೇಕು. ಊರಿನ ಹತ್ತು ಮನೆಯ ಹತ್ತು ಹೆಂಟೆಗಳನ್ನು ಹತ್ತು ಲೋಟಗಳಲ್ಲಿ ಸಾಲಾಗಿ ಇಟ್ಟರೆ ಅಂದಿನ ಸಂಜೆಯ ಪಾಠ ಮುಗಿದಂತೆಯೇ.

ಸಂಜೆ ಎಂದೆವು. ಯಾರ ಸಂಜೆ ಎಂಬುದನ್ನೂ ಕೇಳಿಕೊಳ್ಳಬೇಕು. ಬೆಂಗಳೂರಿನ ನೌಕರನಿಗೆ ಆರು ಗಂಟೆ ಬಿಡುವಿನ ಹೊತ್ತು. ಕಳೆ ತೆಗೆಯಲು ಹೋಗಿ ಮನೆಗೆ ಮರಳಿದ ಹೆಣ್ಣಿಗೆ ಅದು ಹಿಟ್ಟು ಕಲಸುವ, ರೊಟ್ಟಿ ಬಡಿಯುವ ಹೊತ್ತು. ಆರು ಗಂಟೆಗೆ ಸಭೆ ಕರೆದರೆ ಕಟ್ಟೆಯ ಮೇಲೆ ಕೂಡುವವರು ಗಂಡಸರೇ. ಅವರು ಹತ್ತಿಯ ಧಾರಣೆಯನ್ನು ವಿಚಾರಿಸಿ ಎದ್ದು ಹೋಗುತ್ತಾರೆ. ಉಂಡು ಪಾತ್ರೆ ಎತ್ತಿಟ್ಟ ಮೇಲೆ ಎಂಟೂವರೆಗೆ ಓಣಿಯ ಅಂಗನವಾಡಿಯಲ್ಲಿ ಕೂಡುವುದು ವಾಸಿ. ಎತ್ತು ಹೂಡದ ಸೋಮವಾರವೋ ಅಮಾವಾಸ್ಯೆಯೋ ಆದರೆ ಇನ್ನೂ ವಾಸಿ. ಮಾತನಾಡುವವರು ಇಬ್ಬರಿರಲಿ ಎಂಬುದು ನಮ್ಮ ಸಲಹೆ: ತೋಟಗಾರಿಕೆ ಓದಿದವರೊಬ್ಬರು, ಅದೇ ಊರಿನಲ್ಲಿ ಇಷ್ಟು ವರ್ಷ ಮಾಳಿಗೆಗೆ ಹೀರೆ ಹಬ್ಬಿಸಿದ ಹಿರಿಯಳೊಬ್ಬಳು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಅವಳ ವಿಷಯದಲ್ಲಿಯೂ ನಿಜವಾಗಿದೆ. ಹೊರಗಿನವರ ಮುಂದೆ ಅವಳನ್ನು ಮಾತನಾಡಿಸಿದರೆ ಮಾತ್ರ ಊರಿಗೆ ಅವಳ ಬೆಲೆ ತಿಳಿಯುತ್ತದೆ.

ಬೀಜದ ಪ್ರಶ್ನೆಯಲ್ಲಿ ಘಟ್ಟದವರಾದ ನಮಗೆ ಸ್ವಲ್ಪ ಅನುಭವವಿದೆ, ಸ್ವಲ್ಪ ಅಹಂಕಾರವೂ ಇದೆ. ಶಿರಸಿಯ ವನಸ್ತ್ರೀ ಬಳಗ 2001ರಿಂದ ಮಲೆನಾಡಿನ ಹೆಣ್ಣುಮಕ್ಕಳ ಕೈತೋಟದ ಬೀಜಗಳನ್ನು ಕೈಯಿಂದ ಕೈಗೆ ದಾಟಿಸುವ ಕೆಲಸ ಮಾಡಿ, ಮೇಳಗಳನ್ನು ನಡೆಸಿ, ಉಪನ್ಯಾಸಕ್ಕಿಂತ ವಿನಿಮಯ ಹೆಚ್ಚು ಕಲಿಸುತ್ತದೆಂಬುದನ್ನು ತೋರಿಸಿಕೊಟ್ಟಿದೆ. ಆ ಕ್ರಮವನ್ನು ಬಯಲಿಗೆ ಒಯ್ಯೋಣ, ಆ ಬೀಜಗಳನ್ನಲ್ಲ. ನಮ್ಮ ಮಳೆಗೆ ಒಗ್ಗಿದ ತಳಿ ಎರೆಯ ಬಿಸಿಲಿನಲ್ಲಿ ಕರಟುತ್ತದೆ. ಮೆಣಸಗಿಗೆ ಬೇಕಾದ ಪುಂಡಿ, ಕಿರಕಸಾಲೆ, ಮುಳಗಾಯಿಗಳ ಬೀಜ ಹುಡುಕಿದರೆ ಹೊಳೆಯಾಲೂರು, ಗಜೇಂದ್ರಗಡಗಳ ಸಂತೆಗೆ ಬರುವ ಮುದುಕಿಯರಲ್ಲೇ ಸಿಕ್ಕಬಹುದು. ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಹೋಗಿ ಬರುವಾಗ ಉಂಡೆಯ ಡಬ್ಬಿಯೊಡನೆ ಒಂದು ಚಿಟಿಕೆ ಬೀಜವೂ ಬರಲಿ. ಹಾಗೆಂದು ದೇಶಿಯ ಮಡಿವಂತಿಕೆಯೂ ಬೇಡ. ಇಂದು ಆ ಸೀಮೆಗೆ ಹೆಸರು ತಂದ ಬ್ಯಾಡಗಿ ಮೆಣಸಿನಕಾಯಿಯ ಮೂಲ ಸಮುದ್ರದಾಚೆಯ ಅಮೆರಿಕ, ಸೀಮೆಬದನೆ ನಾಡಿಗೆ ಹಬ್ಬಿದ್ದು ಕ್ರುಂಬಿಗಲ್ಲರಿಗಿಂತ ಮುಂಚೆ ಲಾಲ್‌ಬಾಗಿನಲ್ಲಿದ್ದ ಕ್ಯಾಮರನ್ನರ ಕಾಲದಲ್ಲಿ. ಎಲ್ಲಿಂದ ಬಂತೆಂಬುದಕ್ಕಿಂತ ಮರುವರ್ಷ ಅದರ ಬೀಜವನ್ನು ಮನೆಯಲ್ಲೇ ತೆಗೆದಿಡಬಹುದೇ ಎಂಬುದು ಮುಖ್ಯ. ಅಂಗಡಿಯ ಹೈಬ್ರಿಡ್ ಪೊಟ್ಟಣದಿಂದ ಬೆಳೆದ ಕಾಯಿಯ ಬೀಜ ಬಿತ್ತಿದರೆ ತಾಯಿಯಂಥ ಗಿಡ ಬರುವುದಿಲ್ಲವೆಂಬ ಒಂದು ಮಾತನ್ನಾದರೂ ಮೊದಲ ಸಂಜೆಯೇ ಹೇಳಬೇಕು.

ಹೇಳುವವರು ದೂರವೇನಿಲ್ಲ. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ, ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ದಾಳಿಂಬೆ, ದ್ರಾಕ್ಷಿಗಳ ಎಕರೆಗಟ್ಟಲೆ ತೋಟಕ್ಕೆ ದೊರೆಯುವ ವಿದ್ವತ್ತು ಐದು ಅಡಿಯ ಮಡಿಗೂ ದೊರೆಯಲಿ ಎಂದು ಕೇಳಲು ಗ್ರಾಮ ಪಂಚಾಯತಿಯ ಒಂದು ಪತ್ರ ಸಾಕು. ಸಸಿ ಹಂಚಿ, ಫೋಟೋ ತೆಗೆಸಿಕೊಂಡು, ಮತ್ತೆ ಆ ದಾರಿ ತುಳಿಯದ ಕಾರ್ಯಕ್ರಮಗಳನ್ನು ಎಲ್ಲ ಊರುಗಳೂ ಕಂಡಿವೆ. ಅದಕ್ಕಾಗಿ ಪತ್ರದಲ್ಲಿ ಒಂದು ಸಂಜೆಯನ್ನು ಕೇಳಬಾರದು, ನಾಲ್ಕು ಸಂಜೆಗಳನ್ನು ಕೇಳಬೇಕು. ಮೊದಲನೆಯದು ರೋಹಿಣಿ ಮಳೆಗೆ ಮುಂಚೆ, ಮಣ್ಣು ಮತ್ತು ಮಡಿಗೆ. ಎರಡನೆಯದು ಬಿತ್ತಿದ ತಿಂಗಳಿಗೆ, ಹುಳುವಿನ ಎಲೆಗಳನ್ನು ಮುಂದಿಟ್ಟುಕೊಂಡು. ಮೂರನೆಯದು ಹಿಂಗಾರಿನ ಸೊಪ್ಪುಗಳ ಹೊತ್ತಿಗೆ. ಕೊನೆಯದು ಸುಗ್ಗಿಯ ನಂತರ, ಬೀಜ ಒಣಗಿಸಿ, ಬೂದಿ ಬೆರೆಸಿ, ಗಡಿಗೆ ಕಟ್ಟಿಡುವುದಕ್ಕೆ; ಗಡಿಗೆಯನ್ನು ಈ ಬಾರಿ ನೆಲದ ಮೇಲಿಡದೆ ನೆರೆ ಮುಟ್ಟದ ಎತ್ತರದ ಅಟ್ಟದಲ್ಲಿಡುವುದಕ್ಕೆ.

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ನಂಟರಿರುವ ಓದುಗರು ಈ ಸಂಚಿಕೆಯನ್ನು ಅವರಿಗೆ ಓದಿ ಹೇಳಬೇಕಾಗಿ ವಿನಂತಿ. ಅವರ ಮನೆಯ ಬೀಜ ದೊರೆತರೆ ಪೊಟ್ಟಣದ ಮೇಲೆ ಗಿಡದ ಹೆಸರಿನೊಡನೆ ಊರು, ಎರಿಯೋ ಮಸಾರಿಯೋ ಎಂಬುದು, ಯಾವ ಮಳೆಗೆ ಬಿತ್ತುತ್ತಾರೆಂಬುದು, ಇಷ್ಟನ್ನು ಬರೆದು ಇಟ್ಟುಕೊಳ್ಳಿ.