ಮಕ್ಕಳಿಗೆ ಧೈರ್ಯ ಹೇಳಿದ್ದು ಸಾಕು, ಮೇಷ್ಟ್ರಿಗೆ ಬಿಡುವು ಕೊಡಿ

ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. 2025ರಲ್ಲಿ ಆ ದಿನ ನಮ್ಮ ಸರ್ಕಾರಿ ಶಾಲೆಗಳಿಗೆ ಬೀಗ. ದಸರಾ ರಜೆಯನ್ನು 18ರವರೆಗೆ ಎಳೆದಿದ್ದರು. ಮಕ್ಕಳಿಗೆ ವಿಶ್ರಾಂತಿ ಸಿಗಲಿ ಅಂತಲ್ಲ, ಮೇಷ್ಟ್ರುಗಳು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ 60 ಪ್ರಶ್ನೆ ಹಿಡಿದುಕೊಂಡು ಮನೆಮನೆ ಬಾಗಿಲು ತಟ್ಟಬೇಕಿತ್ತು ಅಂತ. ಶಾಲೆಯ ಮಾನಸಿಕ ಆರೋಗ್ಯದ ಬಗ್ಗೆ ಸರ್ಕಾರಕ್ಕೆ ಎಷ್ಟು ಕಾಳಜಿ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಶಾಲೆ ತೆರೆದಿರುವ ವರ್ಷ ಏನಾಗುತ್ತದೆ ಅನ್ನೋದೂ ಗೊತ್ತಿರುವುದೇ. ಪ್ರಾರ್ಥನೆ, ಸ್ವಾಗತ, ಗಿಡಕ್ಕೆ ನೀರು, ಅತಿಥಿಗಳಿಗೆ ಶಾಲು. ಆಮೇಲೆ ಒಂದು ಗಂಟೆ ಭಾಷಣ: 'ಮಕ್ಕಳೇ, ಧೈರ್ಯವಾಗಿರಿ, ಮೊಬೈಲ್ ಬಿಡಿ, ಬೆಳಗ್ಗೆ ಬೇಗ ಏಳಿ.' ಫೋಟೊ ತೆಗೆದು ಇಲಾಖೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಆ ವರ್ಷದ ಮಾನಸಿಕ ಆರೋಗ್ಯ ಮುಗಿಯಿತು.

ಬಿದ್ದು ಏಳುವ ಶಕ್ತಿ ಭಾಷಣದಿಂದ ಬರುವುದಿಲ್ಲ ಸ್ವಾಮಿ. ಮಂಡ್ಯ ಜಿಲ್ಲೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಬ್ಬು ಕಡಿದ ಮೇಲೆ ಕೂಳೆ ಮತ್ತೆ ಚಿಗುರುತ್ತದೆ, ನಿಜ. ಆದರೆ ನೀರು, ಗೊಬ್ಬರ ಕೊಟ್ಟರೆ ಮಾತ್ರ. ಕೂಳೆ ಕಬ್ಬಿನ ಮುಂದೆ ನಿಂತು 'ಧೈರ್ಯವಾಗಿ ಚಿಗುರು' ಅಂತ ಭಾಷಣ ಮಾಡುವ ರೈತನನ್ನು ನಾವಂತೂ ನೋಡಿಲ್ಲ.

ನಾವು ಓಡಾಡುವ ನಾಲ್ಕು ತಾಲ್ಲೂಕುಗಳ ಮಕ್ಕಳು ಏನೇನು ಕಂಡಿದ್ದಾರೆ, ಲೆಕ್ಕ ಹಾಕೋಣ.

ಪಾಂಡವಪುರ: 2018ರ ನವೆಂಬರ್ 24, ಶನಿವಾರ. ಕನಗನಮರಡಿ ಬಳಿ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತರು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅದೇ ರಾತ್ರಿ ಅಂಬರೀಷ್ ತೀರಿಕೊಂಡರು, ಜಿಲ್ಲೆಯ ಕಣ್ಣೆಲ್ಲ ಆ ಕಡೆ ತಿರುಗಿತು. ಮತ್ತೆ ಶಾಲೆಗೆ ಬಂದ ಮಕ್ಕಳ ಪಕ್ಕದಲ್ಲಿ ಖಾಲಿ ಜಾಗಗಳಿದ್ದವು.

ಕೆ.ಆರ್. ಪೇಟೆ: 2020ರ ಮೇ. ಹೊಟ್ಟೆಪಾಡಿಗೆ ಮುಂಬೈಗೆ ಹೋಗಿದ್ದ ಕುಟುಂಬಗಳು ಲಾಕ್‌ಡೌನಿನಲ್ಲಿ ಊರಿಗೆ ಮರಳಿದವು. ನಾಗಮಂಗಲದವರೂ ಬಹಳ ಜನ ಇದ್ದರು. ಕ್ವಾರಂಟೈನ್ ಮುಗಿಸಿ ಹೊರಬಂದರೂ 'ಮುಂಬೈನೋರು' ಅನ್ನೋ ಹೆಸರು ಅಂಟಿಕೊಂಡಿತು. ಆ ಕುಟುಂಬಗಳ ಜೊತೆ ಮಕ್ಕಳೂ ಬಂದಿದ್ದರು.

ನಾಗಮಂಗಲ: 2024ರ ಸೆಪ್ಟೆಂಬರ್ 11. ಗಣೇಶನ ಮೆರವಣಿಗೆ ವೇಳೆ ಗಲಭೆ, ಅಂಗಡಿಗಳಿಗೆ ಬೆಂಕಿ. ದೊಡ್ಡವರ ಶಾಂತಿ ಸಭೆಯನ್ನು ತಹಸೀಲ್ದಾರರು ಕರೆಯುತ್ತಾರೆ. ಒಂದೇ ಬೆಂಚಿನಲ್ಲಿ ಕೂರುವ ಎರಡೂ ಕಡೆಯ ಮಕ್ಕಳನ್ನು ಕೂರಿಸಿ ಮಾತಾಡಿಸುವ ಕೆಲಸ ಯಾರದ್ದು?

ಶ್ರೀರಂಗಪಟ್ಟಣಕ್ಕೆ ಅಂಥ ಒಂದು ದಿನಾಂಕ ಬೇಕಿಲ್ಲ. ಅಲ್ಲಿಯ ಒತ್ತಡ ದಿನಾ ಬೆಳಗ್ಗೆ ಮೈಸೂರಿನ ಬಸ್ಸು ಹತ್ತುತ್ತದೆ. ಹತ್ತಿದವನಿಗೆ ಕೋಚಿಂಗಿನ ಭಾರ, ಹತ್ತದೆ ಊರಲ್ಲೇ ಉಳಿದವನಿಗೆ 'ಅವನ್ನ ನೋಡಿ ಕಲಿ' ಅನ್ನೋ ಭಾರ.

ಬಸ್ಸು ಬಿದ್ದ ವರ್ಷ ನಾಲ್ಕನೇ ತರಗತಿಯಲ್ಲಿದ್ದ ಮಗು ಆರು, ಏಳನೇ ತರಗತಿಯನ್ನು ಕೊರೊನಾದಲ್ಲಿ ಕಳೆದು 2025ರ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಬರೆಯಿತು. ಈ ಆರು ವರ್ಷದಲ್ಲಿ ಆ ಮಗುವನ್ನು ನಾವು ಕೇಳಿದ್ದು ಒಂದೇ ಪ್ರಶ್ನೆ: 'ಪರ್ಸೆಂಟೇಜ್ ಎಷ್ಟು?'

ಈ ಪರ್ಸೆಂಟೇಜ್ ಹುಚ್ಚು ಮನೆಯಲ್ಲಿ ಹುಟ್ಟಿದ್ದಲ್ಲ, ಕಚೇರಿಯಲ್ಲಿ ಹುಟ್ಟಿದ್ದು. 2023ರಲ್ಲಿ ಮಂಡ್ಯ ಜಿಲ್ಲೆ ಶೇ. 96.74 ಫಲಿತಾಂಶದೊಂದಿಗೆ ರಾಜ್ಯಕ್ಕೇ ಎರಡನೇ ಸ್ಥಾನ ಪಡೆಯಿತು. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕ ಹೆಚ್ಚಿಸಿದರೂ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಮಂಡ್ಯ ಮೊದಲ ಮೂರರಲ್ಲಿ ಇರಲಿಲ್ಲ. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾದರೇ? ಅಳತೆಗೋಲು ಬದಲಾಯಿತು, ಅಷ್ಟೆ. ಆದರೆ ಕ್ಯಾಮೆರಾ ಕೆಳಗೆ ಕೂತು ಬೆವರಿದ್ದು ಮಗು, ಫಲಿತಾಂಶ ಬಿದ್ದಾಗ ನೋಟಿಸ್ ಉತ್ತರ ಬರೆಯುವುದು ಹೆಡ್‌ಮೇಷ್ಟ್ರು. ಹೆಡ್‌ಮೇಷ್ಟ್ರ ಭಯ ಸ್ಟಾಫ್ ರೂಮಿಗೆ ಇಳಿಯುತ್ತದೆ, ಅಲ್ಲಿಂದ ತರಗತಿಗೆ ಇಳಿಯುತ್ತದೆ. ಕೊನೆಗೆ ಅದು ನಿಲ್ಲುವುದು ಹಿಂದಿನ ಬೆಂಚಿನಲ್ಲಿ.

ಆದ್ದರಿಂದಲೇ ನಾವು ಹೇಳುವುದು: ಮಕ್ಕಳ ಮನಸ್ಸಿನ ಮಾತು ಮೇಷ್ಟ್ರಿಂದ ಶುರುವಾಗಬೇಕು. ಮೊಟ್ಟೆ ಲೆಕ್ಕ ಅವರದ್ದು, ಮತಗಟ್ಟೆ ಅಧಿಕಾರಿ ಕೆಲಸ ಅವರದ್ದು, ಆಪ್‌ಗೆ ಹಾಜರಿ ತುಂಬುವುದು ಅವರದ್ದು. ಅತಿಥಿ ಶಿಕ್ಷಕರಿಗಂತೂ ಮುಂದಿನ ಜೂನಿನಲ್ಲಿ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲ, ಬೇಸಿಗೆ ರಜೆಯಲ್ಲಿ ಗೌರವಧನವೂ ಇಲ್ಲ. ಇಂಥವರ ಹತ್ತಿರ 'ಮಗುವಿನ ಮುಖ ನೋಡಿ ಮನಸ್ಸು ಅರ್ಥ ಮಾಡ್ಕೊಳ್ಳಿ' ಅಂದರೆ ಯಾವ ಬಾಯಲ್ಲಿ ಹೇಳುವುದು?

'ನಮ್ ಕಾಲ್ದಲ್ಲಿ ಇವೆಲ್ಲ ಎಲ್ಲಿತ್ತು, ಮೇಷ್ಟ್ರು ಏಟಿಗೇ ನಾವು ಮನುಷ್ಯರಾದ್ವಿ' ಅನ್ನುವವರು ಪ್ರತಿ ಊರಿನ ಅರಳಿಕಟ್ಟೆಯಲ್ಲೂ ಸಿಗುತ್ತಾರೆ. ನಿಮ್ಮ ಕಾಲದಲ್ಲೂ ಇತ್ತು ಯಜಮಾನರೇ. ಶಾಲೆ ಬಿಟ್ಟು ಓಡಿಹೋದವರು, ಊರು ಬಿಟ್ಟವರು, ಬಾವಿಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದವರು ಇದ್ದರು. ಅವರ ಕಥೆ ಹೇಳಲು ಅವರು ಈ ಕಟ್ಟೆಗೆ ಬರಲಿಲ್ಲ, ಅಷ್ಟೆ. ಇವತ್ತಿನ ಲೆಕ್ಕ ಕೇಳಿ: ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022 ಒಂದೇ ವರ್ಷದಲ್ಲಿ ದೇಶದಲ್ಲಿ ಜೀವ ಕಳೆದುಕೊಂಡ ವಿದ್ಯಾರ್ಥಿಗಳು 13,044.

ದುಡ್ಡಿಲ್ಲ, ಕಾನೂನಿಲ್ಲ ಅನ್ನುವ ನೆಪವೂ ಈಗ ನಡೆಯುವುದಿಲ್ಲ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ನೂರು ಅಥವಾ ಹೆಚ್ಚು ಮಕ್ಕಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರು ಇರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ. ಅಂಕದ ಮೇಲೆ ಮಕ್ಕಳನ್ನು ಬೇರೆ ಬೇರೆ ಬ್ಯಾಚು ಮಾಡಬಾರದು, ಎಲ್ಲರ ಮುಂದೆ ಅವಮಾನ ಮಾಡಬಾರದು. ಇದು ಸಲಹೆಯಲ್ಲ, ಕಾಯ್ದೆ ಬರುವತನಕ ಪಾಲಿಸಲೇಬೇಕಾದ ಆದೇಶ.

ಇರುವ ಸೌಲಭ್ಯವೂ ಕಡಿಮೆಯಿಲ್ಲ. ಮಂಡ್ಯದಲ್ಲಿ ಮಿಮ್ಸ್ ಇದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಇನ್ನೊಂದು ಮೆಡಿಕಲ್ ಕಾಲೇಜಿದೆ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರಬೇಕು. ಆದರೆ ಮಂಗಳವಾರ ಮಗುವಿಗೆ ಶಾಲೆ, ಅವ್ವನಿಗೆ ಕೂಲಿ. ಟೆಲಿ ಮಾನಸ್ 14416 ಹಗಲು ರಾತ್ರಿ ಪುಕ್ಕಟೆ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಆದರೆ ಮನೆಯ ಫೋನು ಅಪ್ಪನ ಜೇಬಿನಲ್ಲಿರುತ್ತದೆ. ಮಗುವಿಗೂ ಆಸ್ಪತ್ರೆಗೂ ನಡುವಿನ ಆ ಕೊನೆಯ ದಾರಿಯನ್ನು ದಾಟಿಸಲು ಶಾಲೆಯಲ್ಲೇ ಒಬ್ಬ ಮನುಷ್ಯ ಬೇಕು.

ನಾವು ಕೇಳುವುದು ಇಷ್ಟೇ. ನಾಲ್ಕು ತಾಲ್ಲೂಕುಗಳ ಬಿಇಒಗಳು, ಜಿಲ್ಲೆಯ ಉಪನಿರ್ದೇಶಕರು ಉತ್ತರ ಕೊಡಲಿ.

ಒಂದು, ನೂರು ಮಕ್ಕಳಿರುವ ಶಾಲೆಗಳಲ್ಲಿ ಆಪ್ತಸಮಾಲೋಚಕರು ಎಷ್ಟು ಕಡೆ ಇದ್ದಾರೆ, ಪಟ್ಟಿ ಹೊರಗಿಡಿ. ಚಿಕ್ಕ ಶಾಲೆಗಳಿಗೆ ಐದಕ್ಕೆ ಒಬ್ಬರಂತೆ ಕೊಡಿ, ವಾರಕ್ಕೆ ಒಂದು ದಿನ ಒಂದು ಶಾಲೆ.

ಎರಡು, ವರ್ಷಕ್ಕೆ ಎರಡು ತರಬೇತಿ ಅಂದರೆ ಯೂಟ್ಯೂಬ್ ಲಿಂಕ್ ಕಳಿಸುವುದಲ್ಲ. ಮೇಷ್ಟ್ರುಗಳು ತಮ್ಮ ಕಷ್ಟ ಹೇಳಿಕೊಳ್ಳಲೂ ಅದರಲ್ಲಿ ಸಮಯ ಇರಲಿ, ಅಲ್ಲಿ ಆಡಿದ ಮಾತು ಮೇಲಧಿಕಾರಿಗಳ ಕಿವಿಗೆ ಹೋಗದಿರಲಿ.

ಮೂರು, ಶಾಲೆ ನಡೆಯುವ ದಿನಗಳಲ್ಲಿ ಪಾಠ ಬಿಟ್ಟು ಬೇರೆ ಕೆಲಸಕ್ಕೆ ಮೇಷ್ಟ್ರನ್ನು ಎಳೆಯಬೇಡಿ.

ನಾಲ್ಕು, 'ನೂರಕ್ಕೆ ನೂರು' ಫ್ಲೆಕ್ಸ್ ಇಳಿಸಿ. ಆ ಜಾಗದಲ್ಲಿ 14416 ಮತ್ತು 1098 ಬರೆಸಿ. ಹೆಡ್‌ಮೇಷ್ಟ್ರ ರೂಮಿನಲ್ಲಿ ಒಂದು ಫೋನನ್ನು ಮಕ್ಕಳಿಗೆ ಬಿಡಿ, ಯಾಕೆ ಮಾಡ್ತೀಯ ಅಂತ ಯಾರೂ ಕೇಳದಿರಲಿ.

ಪೋಷಕರಿಗೂ ಒಂದು ಮಾತು. ಎಸ್‌ಡಿಎಂಸಿ ಸಭೆಯಲ್ಲಿ ಕಾಂಪೌಂಡು, ಕಕ್ಕಸು, ಬಣ್ಣ ಕೇಳುತ್ತೀರಿ. ಕೇಳಲೇಬೇಕು. ಮುಂದಿನ ಸಭೆಯಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ: 'ನಮ್ ಮಗ ಮೂರು ದಿನದಿಂದ ಮಾತೇ ಆಡ್ತಿಲ್ಲ, ಈ ಶಾಲೇಲಿ ಅವನು ಯಾರ ಹತ್ರ ಹೋಗ್ಬೇಕು?' ಉತ್ತರದಲ್ಲಿ ಒಬ್ಬರ ಹೆಸರು ಬರಬೇಕು. ಬರದಿದ್ದರೆ ನಡಾವಳಿ ಪುಸ್ತಕದಲ್ಲಿ ಹಾಗೆಂದೇ ಬರೆಸಿ, ಸಹಿ ಹಾಕಿಸಿಕೊಂಡು ಬನ್ನಿ.